ಜಿಗಣೆಗೆ ಉಪ್ಪು

ಚಿಕ್ಕಂದಿನಲ್ಲಿ ನಾವು ಎಮ್ಮೆಗಳನ್ನು ಕೆರೆಗೆ ಹೊಡೆದುಕೊಂಡು ಹೋದಾಗ ಕಾಲಿಗೆ ಜಿಗಣೆ ಹತ್ತುತ್ತಿತ್ತು. ಹತ್ತಿದ್ದು ನಮಗೆ ತಿಳಿಯುತ್ತಲೇ ಇರಲಿಲ್ಲ. ದಡಕ್ಕೆ ಬಂದು ನೋಡಿದರೆ ಮೀನಖಂಡದ ಮೇಲೆ ಕಪ್ಪಗೆ, ನುಣ್ಣಗೆ, ಬೆರಳು ಗಾತ್ರ ಊದಿಕೊಂಡು ಕುಳಿತಿರುತ್ತಿತ್ತು. ಗಾಬರಿಯಲ್ಲಿ ಕಿತ್ತೆಸೆದರೆ ರಕ್ತ ಬಹಳ ಹೊತ್ತು ನಿಲ್ಲುತ್ತಿರಲಿಲ್ಲ. ಬಲ್ಲ ಹಿರಿಯರು ಕೀಳುತ್ತಿರಲಿಲ್ಲ. ಒಂದು ಹರಳು ಉಪ್ಪನ್ನು ಅದರ ಮೈಗೆ ಮುಟ್ಟಿಸುತ್ತಿದ್ದರು. ಅದು ಮುದುಡಿಕೊಂಡು ತಾನಾಗಿಯೇ ಕಳಚಿ ಬೀಳುತ್ತಿತ್ತು. ಈ ಹಳೆಯ ಸಂಗತಿ ನನಗೆ ಮತ್ತೆ ನೆನಪಾದದ್ದು 2025ರ ದಸರಾ ರಜೆಯಲ್ಲಿ. ನೆನಪಿಸಿದವರು ನಮ್ಮ ಪಕ್ಕದ ಹೊಲದ ಗೌಡರ ಹೆಂಡತಿ. ಆ ಪ್ರಸಂಗವನ್ನೇ ಇಂದು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ನನ್ನ ಊರು ಆನೇಕಲ್ ತಾಲ್ಲೂಕಿನ ಜಿಗಣಿಗೆ ಪಶ್ಚಿಮದಲ್ಲಿ, ಕಾಡಿನ ಅಂಚಿಗಿರುವ ಒಂದು ಸಣ್ಣ ಹಳ್ಳಿ. ಜಿಗಣಿಯೆಂದರೆ ಇಂದಿನವರಿಗೆ ಕಾರ್ಖಾನೆಗಳ ಊರು. ಕಗ್ಗಲ್ಲನ್ನು ಹಲಗೆ ಹಲಗೆಯಾಗಿ ಕೊಯ್ದು ಕನ್ನಡಿಯಂತೆ ಹೊಳಪು ಕೊಡುವ ಗ್ರಾನೈಟ್ ಕಾರ್ಖಾನೆಗಳ ಸದ್ದು ಅಲ್ಲಿ ಹಗಲು ರಾತ್ರಿ ಕೇಳುತ್ತದೆ. ಪೂರ್ವಕ್ಕೆ ಬೊಮ್ಮಸಂದ್ರ, ಅದರಾಚೆ, 1978ರಲ್ಲಿ ಆರ್.ಕೆ. ಬಾಳಿಗರ ಕನಸಿನಂತೆ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಸ್ಥಾಪಿಸಿದ ಎಲೆಕ್ಟ್ರಾನಿಕ್ ಸಿಟಿ. ಪಶ್ಚಿಮಕ್ಕೆ, 1974ರಲ್ಲಿ ರಾಷ್ಟ್ರೀಯ ಉದ್ಯಾನವಾದ ಬನ್ನೇರುಘಟ್ಟದ ಕಾಡು. ಇಂದು ಅದರ ವಿಸ್ತಾರ ಸುಮಾರು 260 ಚದರ ಕಿಲೋಮೀಟರ್. ದಕ್ಷಿಣಕ್ಕೆ ಸಾಗಿ ಅದು ತಮಿಳುನಾಡಿನ ಕಾಡುಗಳನ್ನೂ ಕಾವೇರಿಯ ಕಣಿವೆಯನ್ನೂ ಕೂಡುತ್ತದೆ. ಒಂದು ಕಡೆ ಲೋಕದ ಗಣಕಯಂತ್ರಗಳಿಗೆ ಬುದ್ಧಿ ತುಂಬುವವರು, ಇನ್ನೊಂದು ಕಡೆ ರಾಗಿಯ ತೆನೆಗೆ ಇಳಿದು ಬರುವ ಆನೆಗಳು. ಇವೆರಡರ ನಡುವೆ ನಮ್ಮ ಹೆಂಚಿನ ಮನೆ, ಮೂರು ಎಕರೆ ಹೊಲ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಮೇಲೆ ನಾನೂ ನನ್ನ ಹೆಂಡತಿಯೂ ಈ ಮನೆಗೆ ಹಿಂದಿರುಗಿದೆವು. ಮಗ, ಸೊಸೆ ಇಬ್ಬರೂ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವರು. ಅವರಿಗೆ ಹದಿಮೂರು ವರ್ಷದ ಮಗ, ಒಂಬತ್ತು ವರ್ಷದ ಮಗಳು. ಈ ಮಕ್ಕಳ ಕೈಗೆ ಮೊಬೈಲು ಬಂದ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅಪರಾಧವನ್ನು ಮಕ್ಕಳ ಮೇಲೆ ಹೊರಿಸುವುದು ನಮ್ಮ ಸಾಮಾನ್ಯ ಅಭ್ಯಾಸ. 2020ರ ಮಾರ್ಚಿಯಲ್ಲಿ ಮಹಾಮಾರಿಯ ಕಾರಣ ಶಾಲೆಗಳು ಮುಚ್ಚಿದವು. ಅಲ್ಲಿಯವರೆಗೆ 'ಮುಟ್ಟಬೇಡ' ಎನ್ನುತ್ತಿದ್ದ ವಸ್ತುವನ್ನು ತಂದೆತಾಯಿಗಳೇ ಹಣ ಕೊಟ್ಟು ತಂದು, 'ಇದೇ ನಿನ್ನ ಶಾಲೆ, ಇದರ ಮುಂದೆ ಕುಳಿತುಕೋ' ಎಂದರು. ಆಗ ನನ್ನ ಮೊಮ್ಮಗನಿಗೆ ಎಂಟು ವರ್ಷ. ಶಾಲೆ ಮತ್ತೆ ತೆರೆಯಿತು. ಮೊಬೈಲು ಮಾತ್ರ ಮುಚ್ಚಲಿಲ್ಲ. ಪಾಠಕ್ಕೆಂದು ಬಂದದ್ದು ಆಟಕ್ಕೆ ನಿಂತಿತು, ಆಟಕ್ಕೆಂದು ನಿಂತದ್ದು ಊಟಕ್ಕೂ ನಿದ್ದೆಗೂ ಜೊತೆಯಾಯಿತು.

2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದವರೆಗೆ ಮೆಟ್ರೋ ರೈಲಿನ ಹಳದಿ ಮಾರ್ಗ ತೆರೆದ ಮೇಲೆ ನಮ್ಮಲ್ಲಿಗೆ ಬರುವುದು ಸುಲಭವಾಗಿದೆ. ದಸರಾ ರಜೆಗೆ ಎಂಟು ದಿನ ಮಕ್ಕಳಿಬ್ಬರನ್ನೂ ಬಿಟ್ಟುಹೋಗಲು ಬಂದ ಸೊಸೆ ಜಗುಲಿಯ ಮೇಲೆ ಕುಳಿತು, "ಮಾವ, ಇವರನ್ನು ಹೇಗಾದರೂ ಆ ಮೊಬೈಲಿನಿಂದ ಬಿಡಿಸಿ. ನನಗೆ ಸಾಕಾಗಿದೆ" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಮೇಷ್ಟರಾಗಿದ್ದವನಿಗೆ ಇಂಥ ಮಾತು ಕೇಳಿದರೆ ಹಳೆಯ ಬೆತ್ತದ ನೆನಪಾಗುತ್ತದೆ. ಅವಳು ಹೊರಟ ಅರ್ಧ ಗಂಟೆಯೊಳಗೆ ಮಕ್ಕಳ ಎರಡು ಯಂತ್ರಗಳನ್ನೂ ತೆಗೆದುಕೊಂಡು ಅಟ್ಟದ ಮೇಲಿನ ಕಬ್ಬಿಣದ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಇಳಿದು ಬರುವಾಗ ನನ್ನ ಜಂಬ ಏನೆಂದು ಹೇಳಲಿ! ರಾಕ್ಷಸನನ್ನು ಪಾತಾಳಕ್ಕೆ ತಳ್ಳಿ ಬಂದವನಂತೆ ಇಳಿದೆ.

ಕೆಳಗೆ ಮೊಮ್ಮಗಳು ನಿಂತಿದ್ದಳು. "ತಾತ, ನಿಮ್ಮದು?" ಎಂದು ಕೇಳಿದಳು.

ನನ್ನದು ಅಂಗಿಯ ಜೇಬಿನಲ್ಲಿ ಬೆಚ್ಚಗಿತ್ತು. ಸುದ್ದಿ ನೋಡುವುದಕ್ಕೆ, ಹಳೆಯ ಹಾಡು ಕೇಳುವುದಕ್ಕೆ, ನಿವೃತ್ತ ಗೆಳೆಯರ ಗುಂಪಿನಲ್ಲಿ ಬೆಳಗ್ಗೆ ಎಂಟು ಸುಭಾಷಿತಗಳನ್ನು ಪಡೆದು ಒಂಬತ್ತನ್ನು ಕಳಿಸುವುದಕ್ಕೆ ಅದು ಬೇಕಾಗಿತ್ತು. ಒಂದು ಕ್ಷಣ ಕಾರಣಗಳನ್ನು ಹುಡುಕಿದೆ. ಆ ಹುಡುಗಿಯ ಮುಖ ನೋಡಿ ಕಾರಣಗಳು ಒಂದೊಂದಾಗಿ ಉದುರಿಹೋದವು. ಮತ್ತೆ ಅಟ್ಟ ಹತ್ತಿ ನನ್ನದನ್ನೂ, ಬೇಡವೆಂದರೂ ಕೇಳದೆ ನನ್ನ ಹೆಂಡತಿಯದನ್ನೂ ಟ್ರಂಕಿಗೆ ಹಾಕಿದೆ. ತುರ್ತು ಬಿದ್ದರೆ ಗೌಡರ ಫೋನಿಗೆ ಮಾಡಿರೆಂದು ಮಗನಿಗೆ ಅವರ ಮನೆಯಿಂದಲೇ ತಿಳಿಸಿದೆ.

ಮೊದಲ ಎರಡು ದಿನಗಳನ್ನು ನೆನೆದರೆ ಈಗಲೂ ಮುಜುಗರವಾಗುತ್ತದೆ. ಹುಡುಗ ಗೋಡೆಗೆ ಮುಖ ಮಾಡಿ ಮಲಗಿದ. ಊಟಕ್ಕೆ ಕರೆದರೆ ಬಂದ, ಮಾತಿಗೆ ಕರೆದರೆ ಬರಲಿಲ್ಲ. ಅವನ ಬಲಗೈಯ ಹೆಬ್ಬೆರಳು ಸುಮ್ಮನಿದ್ದಾಗಲೂ ಏನನ್ನೋ ಮೇಲಕ್ಕೆ ತಳ್ಳುತ್ತಿದ್ದಂತೆ ಆಡುತ್ತಿತ್ತು. ಹುಡುಗಿ ಬಾಗಿಲಿಂದ ಬಾಗಿಲಿಗೆ ಅಲೆದು, "ಅಜ್ಜಿ, ಈಗ ಏನು ಮಾಡಲಿ?" ಎಂದು ಹತ್ತು ನಿಮಿಷಕ್ಕೊಮ್ಮೆ ಕೇಳಿದಳು. ನಾನು ನನ್ನ ಕಪಾಟಿನ ಪುಸ್ತಕಗಳನ್ನು ತೆಗೆದು ಹರಡಿದೆ. ಪ್ರಕೃತಿಯ ಸೊಬಗನ್ನು ಕುರಿತು ಸಣ್ಣ ಉಪನ್ಯಾಸವನ್ನೂ ಮಾಡಿದೆ. ಉಪನ್ಯಾಸದ ನಡುವೆ ನನ್ನ ಕೈಯೂ ಎರಡು ಸಲ ಬರಿಯ ಜೇಬನ್ನು ತಡವಿತು. ಹುಡುಗ ಅದನ್ನು ಕಂಡ, ನಕ್ಕ. ಎರಡು ದಿನದಲ್ಲಿ ಅವನು ನಕ್ಕದ್ದು ಅದೊಂದೇ ಸಲ.

ಆ ಸಂಜೆ ಹಾಲು ತಂದ ಗೌಡರ ಹೆಂಡತಿ ಜಗುಲಿಯ ಮೇಲಿನ ಈ ಶೋಕಸಭೆಯನ್ನು ನೋಡಿ, ಕಥೆ ಕೇಳಿ, ನಕ್ಕುಬಿಟ್ಟರು. "ಜಿಗಣಿಗೆ ಬಂದ್ರೂ ಜಿಗಣೆ ಬುಡ್ಲಿಲ್ವಲ್ಲ ಮೇಷ್ಟ್ರೇ! ಕಿತ್ರೆ ಗಾಯ ಆಯ್ತದೆ. ಉಪ್ಪು ಮುಟ್ಟಿಸ್ಬೇಕು."

"ಉಪ್ಪು ಯಾವುದಮ್ಮ?" ಎಂದೆ.

"ಅದ್ನ ನನ್ನ ಕೇಳ್ತೀರಲ್ಲ, ಓದ್ಸಿದೋರು ನೀವು" ಎಂದು ಪಾತ್ರೆ ಎತ್ತಿಕೊಂಡು ಹೊರಟರು.

ಮೂರನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ನನ್ನ ಹೆಂಡತಿ ಯಾರಿಗೂ ಏನೂ ಹೇಳದೆ ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಐದು ಮನೆ ಉದ್ದ, ಐದು ಮನೆ ಅಗಲದ ಚೌಕಾಬಾರ ಬರೆದಳು. ನಾಲ್ಕು ಹುಣಿಸೆ ಬೀಜಗಳನ್ನು ತೆಗೆದುಕೊಂಡು ಹಿತ್ತಿಲ ಕಲ್ಲಿನ ಮೇಲೆ ಒಂದು ಮಗ್ಗುಲು ಬೆಳ್ಳಗಾಗುವಂತೆ ಉಜ್ಜತೊಡಗಿದಳು. ಅಜ್ಜಿಯ ಕೈ ನೋವುತ್ತದೆಯೆಂದು ಹುಡುಗಿ ಎರಡು ಬೀಜಗಳನ್ನು ತಾನು ತೆಗೆದುಕೊಂಡಳು. ನಾಲ್ಕೂ ಬೆಳ್ಳಗೆ ಬಿದ್ದರೆ ಚೌಕ, ನಾಲ್ಕೂ ಕಪ್ಪಗೆ ಬಿದ್ದರೆ ಬಾರ, ಅಂದರೆ ಎಂಟು. ಕಾಯಿಗಳಿಗೆ ಬಳೆಚೂರು, ಕಡ್ಡಿ, ಕಲ್ಲು, ಜೋಳದ ಕಾಳು. ಅಜ್ಜಿ ಮೊಮ್ಮಗಳ ಕಾಯಿಯನ್ನು ಯಾವ ಕನಿಕರವೂ ಇಲ್ಲದೆ ಕಡಿದಳು. ಹುಡುಗಿಯ ಕೂಗಿಗೆ ಹುಡುಗ ಗೋಡೆಯ ಕಡೆಯಿಂದ ತಿರುಗಿದ. ನಾಲ್ಕನೆಯ ಕೈ ಬೇಕಾಗಿತ್ತು; ಬಂದು ಕುಳಿತ. ಕರೆಂಟು ಬಂದದ್ದನ್ನು ನಾವು ಯಾರೂ ಗಮನಿಸಲಿಲ್ಲ.

ನಾಲ್ಕನೆಯ ದಿನ ಗೌಡರು ಹುಡುಗನನ್ನು ಹೊಲಕ್ಕೆ ಕರೆದರು. ದಸರೆಯ ಹೊತ್ತಿಗೆ ನಮ್ಮ ಕಡೆ ರಾಗಿ ತೆನೆ ಕಟ್ಟುತ್ತಿರುತ್ತದೆ. ಅಕ್ಕಡಿ ಸಾಲಿನ ಹುಚ್ಚೆಳ್ಳು ಹಳದಿಯಾಗಿ ಹೂ ಬಿಟ್ಟಿರುತ್ತದೆ. ಅವರೆ ಬಳ್ಳಿ ಹಬ್ಬುತ್ತಿರುತ್ತದೆ. ಅಲ್ಲಿಂದ ಕೊಯ್ಲಿನವರೆಗೆ ಕಾಡಂಚಿನ ರೈತನಿಗೆ ರಾತ್ರಿ ನಿದ್ದೆಯಿಲ್ಲ. ಮರದ ಮೇಲೋ ನಾಲ್ಕು ಕಂಬಗಳ ಮೇಲೋ ಅಟ್ಟಣೆ ಕಟ್ಟಿ ಕಾವಲು ಕೂರುತ್ತಾನೆ. ಗೌಡರ ಅಟ್ಟಣೆಯ ಏಣಿಯ ಎರಡು ಮೆಟ್ಟಿಲು ಮುರಿದಿದ್ದವು. "ಬಾ ಮಗ, ಹಗ್ಗ ಹಿಡ್ಕೊ" ಎಂದರು. ಅಷ್ಟೇ. ಅವರು ಅವನಿಗೆ ಏನನ್ನೂ ಬೋಧಿಸಲಿಲ್ಲ. ಅವರಿಗೆ ನಿಜವಾಗಿಯೂ ಇನ್ನೊಬ್ಬರ ಕೈ ಬೇಕಾಗಿತ್ತು. ಹುಡುಗ ಸಂಜೆಯವರೆಗೆ ಬರಲಿಲ್ಲ. ಬಂದಾಗ ಅಂಗೈಯಲ್ಲಿ ಎರಡು ಬೊಬ್ಬೆ ಎದ್ದಿದ್ದವು. ಅವನ್ನು ತಂಗಿಗೆ ಪದಕಗಳಂತೆ ತೋರಿಸಿದ.

ನನ್ನ ಟ್ರಂಕು ಗೆದ್ದಿತೆಂದು ನಾನು ಬೀಗಿದೆ. ಐದನೆಯ ರಾತ್ರಿ ಆ ಗರ್ವ ಮುರಿಯಿತು.

ಅಂದು ಗೌಡರಿಗೆ ಬುತ್ತಿ ಕೊಟ್ಟು, ಅಟ್ಟಣೆಯ ಮೇಲೆ ಸ್ವಲ್ಪ ಹೊತ್ತು ಕುಳಿತು ಬರೋಣವೆಂದು ಎಂಟೂವರೆಯ ಸುಮಾರಿಗೆ ಮಕ್ಕಳಿಬ್ಬರನ್ನೂ ಕರೆದುಕೊಂಡು ಟಾರ್ಚು ಹಿಡಿದು ಬದುವಿನ ಮೇಲೆ ಹೊರಟೆ. ಅರ್ಧ ದಾರಿಯಲ್ಲಿ ಎದುರಿನಿಂದ ಒಂದು ಬೆಳಕು ಹುಚ್ಚೆದ್ದಂತೆ ಆಡುತ್ತ ಓಡಿ ಬಂತು. ಗೌಡರು. ಅರವತ್ತೈದರ ಆ ಮನುಷ್ಯ ಏದುಸಿರು ಬಿಡುತ್ತ ಮೊದಲು ಹುಡುಗಿಯನ್ನು ಎತ್ತಿಕೊಂಡರು, ಆಮೇಲೆ ಮಾತಾಡಿದರು. ಕಾಡಿನ ಮಗ್ಗುಲ ಹಳ್ಳಿಯಿಂದ ಅವರ ಫೋನಿಗೆ ಸುದ್ದಿ ಬಂದಿತ್ತು: ಮೂರು ಆನೆಗಳು ಇಳಿದಿವೆ, ಇತ್ತ ಬರುತ್ತಿವೆ. ನಾವು ಬುತ್ತಿ ತರುವುದು ಅವರಿಗೆ ಗೊತ್ತಿತ್ತು. ನನಗೆ ನಾಲ್ಕು ಸಲ ಫೋನು ಮಾಡಿದ್ದರು. ನನ್ನ ಫೋನು ಅಟ್ಟದ ಮೇಲೆ, ಟ್ರಂಕಿನೊಳಗೆ, ಸದ್ದಡಗಿ ಮಲಗಿತ್ತು. ಕೊನೆಗೆ ಅಟ್ಟಣೆಯ ಸುರಕ್ಷಿತ ಜಾಗವನ್ನು ಬಿಟ್ಟು ಅವರೇ ನೆಲಕ್ಕಿಳಿದು ಕತ್ತಲಲ್ಲಿ ಓಡಿ ಬಂದಿದ್ದರು.

ಟಾರ್ಚು ಆರಿಸಿ ನಾವು ಅವರ ಹಿಂದೆ ಹಿಂದಿರುಗಿದೆವು. ಹುಚ್ಚೆಳ್ಳಿನ ಸಾಲಿನ ಆಚೆ ಕತ್ತಲಿಗಿಂತ ಕಪ್ಪಾಗಿ ಏನೋ ನಿಂತಿದ್ದುದನ್ನು ನಾನು ಕಂಡೆ. ರಾಗಿಯ ಪೈರು ಹಿಡಿ ಹಿಡಿಯಾಗಿ ಕಿತ್ತುಬರುವ ಸದ್ದನ್ನು ಕೇಳಿದೆ. ಮೊಮ್ಮಗನ ಕೈ ನನ್ನ ಕೈಯೊಳಗೆ ತಣ್ಣಗಾಗಿತ್ತು. ಗೌಡರ ಮನೆ ಸೇರಿ ಬಾಗಿಲು ಹಾಕಿಕೊಂಡ ಮೇಲೆ ಅವರ ಗಂಡುಮಕ್ಕಳು ಪಟಾಕಿ ಸಿಡಿಸಿದರು, ಡಬ್ಬ ಬಡಿದರು. ಆನೆಗಳು ಕಾಲು ಎಕರೆಯಷ್ಟು ರಾಗಿಯನ್ನು ತುಳಿದು ಬಂದ ದಾರಿಯಲ್ಲೇ ಹೋದವು.

"ಫೋನ್ ಎತ್ಬಾರ್ದಾ ಮೇಷ್ಟ್ರೇ?" ಎಂದರು ಗೌಡರು. ದನಿಯಲ್ಲಿ ಕೋಪಕ್ಕಿಂತ ದಣಿವು ಹೆಚ್ಚಾಗಿತ್ತು. ಬೀಗ ಹಾಕಿದ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಗೆ ಅದು ಆಟದ ಸಾಮಾನು. ನಮ್ಗೆ ಕಾವ್ಲು" ಎಂದರು. ನಾನು ಮೂವತ್ತು ವರ್ಷ ಮಕ್ಕಳಿಗೆ ಹೇಳಿದ ಬುದ್ಧಿವಾದಗಳೆಲ್ಲ ಆ ಒಂದು ಮಾತಿನ ಮುಂದೆ ಸಣ್ಣವಾದವು. ಮಕ್ಕಳಿಗೇನಾದರೂ ಆಗಿದ್ದರೆ? ಗೌಡರಿಗೇ ಏನಾದರೂ ಆಗಿದ್ದರೆ? ಆ ಪ್ರಶ್ನೆ ಇಂದಿಗೂ ನನ್ನನ್ನು ಕೆಲವು ರಾತ್ರಿ ಎಬ್ಬಿಸುತ್ತದೆ.

ಮನೆಗೆ ಬಂದು ಟ್ರಂಕಿನ ಬೀಗ ತೆಗೆದೆ. ನನ್ನ ಫೋನನ್ನು ಗೋಡೆಯ ಗೂಡಿನಲ್ಲಿಟ್ಟೆ. ಹಿಂದೆ ನಮ್ಮ ತಾಯಿ ಸಂಜೆಯ ದೀಪ ಇಡುತ್ತಿದ್ದ ಗೂಡು ಅದು. ಕರೆದರೆ ಮನೆಯಲ್ಲಿ ಎಲ್ಲರಿಗೂ ಕೇಳುತ್ತದೆ. ಮಕ್ಕಳ ಯಂತ್ರಗಳನ್ನೂ ಅವರಿಗೆ ಕೊಟ್ಟೆ. ಹುಡುಗ ಒಳ್ಳೆಯವನಾಗಿಬಿಟ್ಟು ಬೇಡವೆಂದನೆಂದು ಹೇಳಿದರೆ ಸುಳ್ಳಾಗುತ್ತದೆ. ಆತುರದಿಂದಲೇ ತೆಗೆದುಕೊಂಡ. ಬೆಳಗ್ಗೆ ಎದ್ದವನೇ ಒಂದು ಗಂಟೆ ಅದರೊಳಗೆ ಮುಳುಗಿದ. ಆಮೇಲೆ ಗೌಡರ ಮನೆಯಿಂದ ಕರೆ ಬಂತು: ತುಳಿದ ರಾಗಿಯನ್ನು ದನಕ್ಕೆ ಕೊಯ್ದು ಹಾಕಬೇಕು, ಬರುತ್ತೀಯಾ? ಅವನು ಮೊಬೈಲನ್ನು ಗೋಡೆಗೆ ಚುಚ್ಚಿದ ತಂತಿಯಲ್ಲೇ ಬಿಟ್ಟು ಎದ್ದು ಹೋದ. ಕಳಚಿ ಬಿತ್ತು, ರಕ್ತ ಬರಲಿಲ್ಲ. ಉಪ್ಪು ಯಾವುದೆಂದು ಆಗ ನನಗೆ ತಿಳಿಯಿತು. ಅವನು ಇನ್ನೊಬ್ಬರಿಗೆ ನಿಜವಾಗಿ ಬೇಕಾಗಿದ್ದ.

ಮೊಮ್ಮಗಳು ಇನ್ನೊಂದನ್ನು ಗಮನಿಸಿದ್ದಳು. "ತಾತ, ಆವತ್ತು ಗೌಡರ ತಾತ ಮಾತಾಡಿ ಫೋನನ್ನು ಜೇಬಿಗೆ ಹಾಕಿಕೊಂಡುಬಿಟ್ಟರು. ಆಮೇಲೆ ತೆಗೆದು ನೋಡಲೇ ಇಲ್ಲ" ಎಂದಳು. ಕುಡುಗೋಲಿನಿಂದ ಕೆಲಸವಾದ ಮೇಲೆ ಅದನ್ನು ಸೂರಿಗೆ ಸಿಕ್ಕಿಸುವಂತೆ, ಆ ಮನುಷ್ಯನ ಕೈಯಲ್ಲಿ ಅದಕ್ಕೊಂದು ಕೆಲಸವಿತ್ತು, ಕೆಲಸಕ್ಕೊಂದು ಕೊನೆಯಿತ್ತು.

ಈ ಕೊನೆಯೆಂಬುದನ್ನು ಕುರಿತು ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ಈಗ ನನ್ನ ಮಾತು ನಿಮ್ಮ ಕಿವಿಗೆ ಬೀಳುತ್ತಿರುವುದೂ ಒಂದು ಯಂತ್ರದ ಮೂಲಕವೇ. ನಿಮ್ಮಲ್ಲಿ ಕೆಲವರು ಮೊಬೈಲಿನಲ್ಲಿಯೇ ಬಾನುಲಿ ಕೇಳುತ್ತಿರಬಹುದು. 1935ರಲ್ಲಿ ಮೈಸೂರಿನಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ ಡಾ. ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ನಮ್ಮ ಮನೆಗೆ ಟ್ರಾನ್ಸಿಸ್ಟರು ಬಂದಾಗ ಅಜ್ಜ, "ಮಕ್ಕಳು ಕೆಟ್ಟವು" ಎಂದಿದ್ದರು. ನಾವು ಅಷ್ಟಾಗಿ ಕೆಡಲಿಲ್ಲ. ಆ ಪೆಟ್ಟಿಗೆ ಮನೆಗೆಲ್ಲ ಒಂದೇ ಇತ್ತು. ಕಿವಿಯನ್ನು ಕೇಳುತ್ತಿತ್ತು, ಕೈಯನ್ನೂ ಕಣ್ಣನ್ನೂ ನಮಗೇ ಬಿಡುತ್ತಿತ್ತು. ಅವರೆ ಬಿಡಿಸುತ್ತ ಕೇಳಬಹುದಿತ್ತು. ರಾತ್ರಿಯಾದರೆ ನಿಲಯ ಮುಚ್ಚುತ್ತಿತ್ತು. ಕಥೆ ಮುಗಿಯುತ್ತಿತ್ತು, ದೀಪದ ಎಣ್ಣೆ ತೀರುತ್ತಿತ್ತು, ಕತ್ತಲಾದರೆ ಲಗೋರಿ ನಿಲ್ಲುತ್ತಿತ್ತು. ಇಂದು ಮಗುವಿನ ಕೈಯಲ್ಲಿರುವುದು ಮುಗಿಯುವುದಿಲ್ಲ. ಒಂದು ಚಿತ್ರ ಮುಗಿಯುವ ಮೊದಲೇ ಇನ್ನೊಂದು ಕಾದು ನಿಂತಿರುತ್ತದೆ. ನೋಡುವವನು ಏಳಬಾರದೆಂದೇ ಅದನ್ನು ಹಾಗೆ ಕಟ್ಟಿದ್ದಾರೆ. ಹದಿಮೂರು ವರ್ಷದ ಹುಡುಗ ತನ್ನಷ್ಟಕ್ಕೆ ತಾನೇ ಅದಕ್ಕೊಂದು ಕೊನೆ ಹಾಕಬೇಕೆಂದು ನಾವು ಬಯಸುವುದು, ಅರವತ್ತೆಂಟರ ನಾನೇ ಹಾಕಲಾರದೆ ಇರುವಾಗ, ಎಷ್ಟು ನ್ಯಾಯ?

ಲೋಕ ಈ ಬಗ್ಗೆ ಸುಮ್ಮನೆ ಕುಳಿತಿಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ತಂತ್ರಜ್ಞಾನದ ಆರೋಗ್ಯಕರ ಬಳಕೆಗೆಂದೇ 2014ರಲ್ಲಿ ಒಂದು ಚಿಕಿತ್ಸಾಲಯವನ್ನು ತೆರೆಯಿತು. ಆಸ್ಟ್ರೇಲಿಯಾ ದೇಶ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣಗಳಲ್ಲಿ ಖಾತೆಯಿರಕೂಡದೆಂದು ಕಾನೂನು ಮಾಡಿ 2025ರ ಡಿಸೆಂಬರ್ 10ರಿಂದ ಜಾರಿಗೆ ತಂದಿತು. ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಹಳ್ಳಿಗಳ ಪ್ರಯೋಗ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವದಲ್ಲಿ 2022ರ ಆಗಸ್ಟಿನಿಂದ ಸಂಜೆ 7 ಗಂಟೆಗೆ ಸೈರನ್ನು ಕೂಗುವ ಪದ್ಧತಿ ಬಂತು. ಒಂದೂವರೆ ಗಂಟೆ ಕಾಲ ಟಿ.ವಿ., ಮೊಬೈಲು ಬಂದ್. ನಮ್ಮ ಬೆಳಗಾವಿಯ ಹಲಗಾ ಗ್ರಾಮ 2024ರ ಡಿಸೆಂಬರಿನಲ್ಲಿ ಇಂಥದೇ ಏರ್ಪಾಡನ್ನು ಸಂಜೆ 7ರಿಂದ 9ರವರೆಗೆ ಆರಂಭಿಸಿತು. ಆ ಸೈರನ್ನು ಮಕ್ಕಳಿಗೆ ಮಾತ್ರ ಕೂಗುವುದಿಲ್ಲ. ಧಾರಾವಾಹಿ ನೋಡುವ ತಾಯಿಗೂ, ಸುಭಾಷಿತ ಕಳಿಸುವ ತಾತನಿಗೂ ಕೂಗುತ್ತದೆ. ಇಡೀ ಊರಿಗೆ ಒಟ್ಟಿಗೆ ಒಂದು ಕೊನೆ ಬೀಳುತ್ತದೆ. ಅದರ ಗುಟ್ಟು ಅಲ್ಲಿದೆ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನು ಹೇಳದಿದ್ದರೆ ತಪ್ಪಾಗುತ್ತದೆ. ನನ್ನ ಮೊಮ್ಮಕ್ಕಳಿಗೆ ಹೋಗಿ ಇರಲು ಒಂದು ಹೆಂಚಿನ ಮನೆಯಿದೆ, ಕಾಯಲು ಒಂದು ಹೊಲವಿದೆ. ಜಿಗಣಿಯ ಕಾರ್ಖಾನೆಗಳ ಸುತ್ತ ಒಂದೇ ಕೋಣೆಯ ಶೀಟಿನ ಮನೆಗಳ ಸಾಲುಗಳಿವೆ. ಉತ್ತರ ಕರ್ನಾಟಕದಿಂದ, ಒಡಿಶಾ, ಬಿಹಾರಗಳಿಂದ ಬಂದು ಪಾಳಿಯ ಮೇಲೆ ದುಡಿಯುವವರ ಮಕ್ಕಳು ಅಲ್ಲಿ ಬೆಳೆಯುತ್ತಾರೆ. ಅವರ ಊರಿನ ಮನೆ ದೂರದ ರೈಲು ಪ್ರಯಾಣದಾಚೆ ಇದೆ. ತಂದೆತಾಯಿ ಇಬ್ಬರೂ ಕೆಲಸಕ್ಕೆ ಹೋದಾಗ ಹೊರಗೆ ಲಾರಿಗಳ ರಸ್ತೆ, ಒಳಗೆ ಒಂದು ಮೊಬೈಲು. ಅದೇ ಅವರ ಬಯಲು, ಅದೇ ಕೂಲಿ ಕೇಳದ ಆಯಾ. ಅದನ್ನು ಕಿತ್ತುಕೊಳ್ಳಿರೆಂದು ಆ ತಾಯಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಕಿತ್ತ ಮೇಲೆ ಕೊಡಲು ಏನಾದರೂ ಇರಬೇಕಲ್ಲ.

ನಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. 2020ರ ನವೆಂಬರಿನಲ್ಲಿ ಸರ್ಕಾರ 'ಓದುವ ಬೆಳಕು' ಎಂಬ ಹೆಸರಿನಲ್ಲಿ ಆರಂಭಿಸಿದ ಕಾರ್ಯಕ್ರಮ ಅದು. ಪುಸ್ತಕಗಳಿವೆ, ಚಾಪೆಯಿದೆ, ಪಕ್ಕದಲ್ಲಿ ಕುಳಿತುಕೊಳ್ಳುವವರು ಕಡಿಮೆ. ಆ ರಜೆಯ ನಂತರ ಶನಿವಾರ ಮಧ್ಯಾಹ್ನ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗುತ್ತಿದ್ದೇವೆ. ಅವಳು ನೆಲದ ಮೇಲೆ ಚೌಕಾಬಾರ ಬರೆಯುತ್ತಾಳೆ, ನಾನು ಕಥೆ ಓದುತ್ತೇನೆ. ಕೆಲವು ದಿನ ಹನ್ನೆರಡು ಮಕ್ಕಳು ಬರುತ್ತಾರೆ, ಕೆಲವು ದಿನ ಇಬ್ಬರು. ಒಡಿಶಾದ ಒಬ್ಬ ಹುಡುಗ ಅರ್ಧ ಕನ್ನಡದಲ್ಲಿ ಅವಳನ್ನು ಪ್ರತಿಸಲ ಸೋಲಿಸುತ್ತಾನೆ. ನನ್ನ ಫೋನು ಕಿಟಕಿಯ ಮೇಲೆ ಇರುತ್ತದೆ, ಸದ್ದು ತೆರೆದುಕೊಂಡು. ಕರೆ ಬಂದರೆ ಎತ್ತುತ್ತೇನೆ. ಮಾತು ಮುಗಿದರೆ ಇಡುತ್ತೇನೆ. ಇಡುವುದು ಈಗಲೂ ಕಷ್ಟವೇ. ಆದರೆ ಮಕ್ಕಳು ನೋಡುತ್ತಿರುತ್ತಾರೆ.

ಮೊಮ್ಮಕ್ಕಳು ನಗರಕ್ಕೆ ಹಿಂದಿರುಗಿದರು. ಹುಡುಗ ಮತ್ತೆ ಮೊಬೈಲು ಹಿಡಿಯುತ್ತಾನೆಂದು ಸೊಸೆ ಹೇಳುತ್ತಾಳೆ. ರಾತ್ರಿಯ ಊಟದ ಹೊತ್ತಿಗೆ ನಾಲ್ವರೂ ತಮ್ಮ ತಮ್ಮವನ್ನು ಬಾಗಿಲ ಬಳಿಯ ಬುಟ್ಟಿಯಲ್ಲಿಡುತ್ತಾರೆಂದೂ ಹೇಳುತ್ತಾಳೆ. ಅಷ್ಟಾದರೆ ನನಗೆ ಸಾಕು. ಭಾನುವಾರಗಳಲ್ಲಿ ಹುಡುಗ ಫೋನು ಮಾಡಿ, ರಾಗಿ ಕೊಯ್ದಿರಾ, ಕಣ ಮಾಡಿದಿರಾ, ಆನೆ ಮತ್ತೆ ಬಂತೆ ಎಂದು ಗೌಡರ ಹೊಲದ ವರದಿ ಕೇಳುತ್ತಾನೆ. ಹೋದ ವಾರ ಹುಡುಗಿ ಅವನ ಕೈಯಿಂದ ಫೋನು ಕಿತ್ತುಕೊಂಡು, "ತಾತ, ಆ ಟ್ರಂಕಿನಲ್ಲಿ ಈಗ ಏನಿಟ್ಟಿದ್ದೀರಿ?" ಎಂದು ಕೇಳಿದಳು.

"ಹುಣಿಸೆ ಬೀಜ" ಎಂದೆ.

"ಬೀಗ ಹಾಕಬೇಡಿ" ಎಂದಳು.